ಗೇಟಿನ ಚೀಟಿ, ಚೆಕ್‌ರೋಲಿನ ಹೆಸರು

ಮಳೆಗಾಲ ಹಿಡಿಯಿತೆಂದರೆ ಸಕಲೇಶಪುರದ ಮನೆಗಳಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು, ರೇಷ್ಮೆ ಸೀರೆಗೂ ಬೂಷ್ಟು. ಬೀರುವಿನ ತಳದಲ್ಲಿಟ್ಟ ಪಾಸ್‌ಪೋರ್ಟನ್ನೂ ಅದು ಬಿಡುವುದಿಲ್ಲ. ಹಾಳೆ ಉಬ್ಬಿ, ಹೊಲಿಗೆ ಸಡಿಲಾಗಿ, ಫೋಟೊ ಇರುವ ಪುಟಕ್ಕೆ ಕಲೆ ಹತ್ತಿದರೆ ಅದು ಹಾಳಾದ ಪಾಸ್‌ಪೋರ್ಟ್ ಎಂದೇ ಲೆಕ್ಕ. ಅವಧಿ ಎಷ್ಟೇ ಉಳಿದಿರಲಿ, ಹೊಸದಕ್ಕೆ ಅರ್ಜಿ ಹಾಕಬೇಕು. ಓದಲು ಹೊರದೇಶಕ್ಕೆ ಹೊರಟ ಮಕ್ಕಳಿರುವ ಮನೆಯವರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಅರ್ಜಿ ಹಾಕಲು ಈಗ ಬೆಂಗಳೂರಿಗೇ ಹೋಗಬೇಕಾಗಿಲ್ಲ. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿ ಪ್ರಯೋಗವಾಗಿ ಶುರುವಾದ ಪಾಸ್‌ಪೋರ್ಟ್ ಸೇವೆ ಹಾಸನಕ್ಕೂ ಬಂದಿದೆ. ಕಷ್ಟವಿರುವುದು ಹೆಸರಿನಲ್ಲಿ. ಹೆತ್ತೂರಿನ ಮಂಜೇಗೌಡರ ಮಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಚ್. ಎಂ. ಪೂರ್ಣಿಮಾ ಎಂದಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅದರ ಗೋಜೇ ಬೇಡವೆಂದು ಬರೀ ಪೂರ್ಣಿಮಾ ಎಂದು ಬರೆದು ಸರ್‌ನೇಮಿನ ಜಾಗ ಖಾಲಿ ಬಿಟ್ಟರೆ, ಅಮೆರಿಕದ ವೀಸಾದಲ್ಲಿ ಪೂರ್ಣಿಮಾ ಎಂಬುದು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಹೆತ್ತವರು ಇಪ್ಪತ್ತು ವರ್ಷ ಬಾಯ್ತುಂಬ ಕರೆದ ಹೆಸರಿಗೆ ಈ ಗತಿ ಬರಬಾರದು. ಊರ ಹೆಸರೋ ಅಪ್ಪನ ಹೆಸರೋ, ಸರ್‌ನೇಮ್ ಯಾವುದೆಂದು ಅರ್ಜಿಗೆ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿ. ಆಮೇಲೆ ವಿಶ್ವವಿದ್ಯಾಲಯದ ಅರ್ಜಿ, ಬ್ಯಾಂಕ್ ಸಾಲ, ಟಿಕೆಟ್ ಎಲ್ಲದರಲ್ಲೂ ಅಕ್ಷರ ತಪ್ಪದೆ ಹಾಗೇ ಇರಲಿ.

ಇನ್ನು ವೀಸಾ. ವೀಸಾ ಇದ್ದರೆ ಎಲ್ಲವೂ ಇದ್ದಂತೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ತೋಟದ ಲೆಕ್ಕದಲ್ಲಿ ಹೇಳುವುದಾದರೆ ವೀಸಾ ಗೇಟಿನ ಚೀಟಿ. ಒಳಗೆ ಹೋದ ಮೇಲೆ ಚೆಕ್‌ರೋಲಿನಲ್ಲಿ ಹೆಸರಿರಬೇಕಲ್ಲ? ಅಮೆರಿಕದಲ್ಲಿ ಆ ಚೆಕ್‌ರೋಲ್ ಎಂದರೆ ಸೆವಿಸ್ ಎಂಬ ಸರ್ಕಾರಿ ದಾಖಲೆ. ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಹುಟ್ಟುವುದು ಅದರಿಂದಲೇ. ಗಡಿಯಲ್ಲಿ ಒಳಗೆ ಬಿಟ್ಟದ್ದರ ದಾಖಲೆ ಐ-94. ವೀಸಾದ ದಿನಾಂಕ ಮುಗಿದರೂ ಇವು ಸರಿಯಿದ್ದರೆ ಓದು ಮುಂದುವರಿಸಬಹುದು. ವೀಸಾ ಇನ್ನೂ ಮೂರು ವರ್ಷ ಇದ್ದರೂ, ಅನುಮತಿಯಿಲ್ಲದೆ ಕೋರ್ಸು ಕಡಿಮೆ ಮಾಡಿಕೊಂಡರೆ ಅಥವಾ ಹೊರಗೆ ಕೆಲಸಕ್ಕೆ ಸೇರಿದರೆ ಅಲ್ಲಿರುವ ಹಕ್ಕು ಹೋಗುತ್ತದೆ. ಮನೆ ಬದಲಿಸಿದರೆ ಹತ್ತು ದಿನದೊಳಗೆ ಹೊಸ ವಿಳಾಸ ತಿಳಿಸಬೇಕು. ರೂಮ್ ಬದಲಿಸಿದ ಗಡಿಬಿಡಿಯಲ್ಲಿ ಮಕ್ಕಳು ಮರೆಯುವುದು ಇದನ್ನೇ.

ಐ-94ರಲ್ಲಿ ದಿನಾಂಕದ ಬದಲು ‘ಡಿ/ಎಸ್’ ಎಂದು ಬರೆಯುವ ಪದ್ಧತಿ ಬಹುಕಾಲದ್ದು. ವಿದ್ಯಾರ್ಥಿಯಾಗಿ ನಿಯಮದಂತೆ ಇರುವಷ್ಟು ಕಾಲ ಎಂದು ಅರ್ಥ. ಅದರ ಬದಲು ನಿಗದಿತ ದಿನಾಂಕ ಕೊಡುವ ಪ್ರಸ್ತಾಪವನ್ನು 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಹೊರಡಿಸಿತು. ಹಾಗಾಗಿ ಹಿಂದಿನ ವರ್ಷ ಹೋದ ಅಣ್ಣನ ಮಾತನ್ನೇ ನೆಚ್ಚದೆ, ಪ್ರತಿ ಸಲ ಒಳಬಂದಾಗಲೂ ತನ್ನ ಐ-94 ತೆಗೆದು ಓದಬೇಕು.

ಬೇರೆ ದೇಶಗಳಲ್ಲಿ ಹೆಸರು ಬೇರೆ, ಲೆಕ್ಕ ಇದೇ. ಕೆನಡಾದಲ್ಲಿ ಓದುವ ಹಕ್ಕು ಸ್ಟಡಿ ಪರ್ಮಿಟ್‌ನದು, ವೀಸಾದ್ದಲ್ಲ. ಬ್ರಿಟನ್‌ನಲ್ಲಿ ಈಗ ಕಾರ್ಡಿನ ಬದಲು ಇ-ವೀಸಾ. ಪಾಸ್‌ಪೋರ್ಟ್ ಹೊಸದಾದರೆ ಅದರ ನಂಬರನ್ನು ಇ-ವೀಸಾದ ಆನ್‌ಲೈನ್ ಖಾತೆಗೆ ಸೇರಿಸಬೇಕು.

ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲಿನ ಹೊತ್ತಿಗೆ ಅಮೆರಿಕದಲ್ಲಿರುವ ಮಗಳು “ಅಪ್ಪಾಜಿ, ಬಂದು ಹೋಗ್ತೀನಿ” ಎಂದು ಫೋನು ಮಾಡುತ್ತಾಳೆ. ಟಿಕೆಟ್‌ಗೆ ಮುಂಚೆ ಕೇಳಬೇಕಾದ್ದಿದೆ. ಐ-20ರ ಮೇಲೆ ಪ್ರಯಾಣದ ಸಹಿ ಬಿದ್ದು ವರ್ಷದೊಳಗಿದೆಯೇ? ಓದು ಮುಗಿಸಿ ಕೆಲಸದ ತರಬೇತಿಯಲ್ಲಿರುವವರಿಗೆ ಆರೇ ತಿಂಗಳು. ವಾಪಸು ಹೋಗುವ ದಿನಕ್ಕೆ ವೀಸಾ ಜೀವಂತವಿದೆಯೇ? ಮುಗಿದಿದ್ದರೆ ಇಲ್ಲಿಗೆ ಬಂದ ಮೇಲೆ ಹೊಸದಕ್ಕೆ ಸಂದರ್ಶನದ ದಿನ ಸಿಗಬೇಕು. ಅದು ಸಿಗದೇ ಹೋದರೆ ಸಂಕ್ರಾಂತಿ ಕಳೆದು ಅಲ್ಲಿ ತರಗತಿ ಶುರುವಾದರೂ ಹುಡುಗಿ ಇಲ್ಲೇ, ಕಾಫಿ ಒಣಗುವ ಕಣದಲ್ಲೇ ಉಳಿಯುತ್ತಾಳೆ.