ಡ್ಯಾಮೇಜ್ಡ್ (ಆಲ್ಬಮ್)

ಡ್ಯಾಮೇಜ್ಡ್ ಅಮೆರಿಕದ ಕ್ಯಾಲಿಫೋರ್ನಿಯಾದ ಹಾರ್ಡ್‌ಕೋರ್ ಪಂಕ್ ವಾದ್ಯತಂಡವಾದ ಬ್ಲ್ಯಾಕ್ ಫ್ಲ್ಯಾಗ್‌ನ ಮೊದಲ ಸ್ಟುಡಿಯೋ ಆಲ್ಬಮ್. ತಂಡದ ಗಿಟಾರ್ ವಾದಕ ಗ್ರೆಗ್ ಗಿನ್ ಸ್ಥಾಪಿಸಿದ ಎಸ್‌ಎಸ್‌ಟಿ ರೆಕಾರ್ಡ್ಸ್ ಇದನ್ನು 1981ರಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ತಂಡವನ್ನು ಸೇರಿದ ಹೆನ್ರಿ ರೋಲಿನ್ಸ್ ಇದರ ಗಾಯಕರು. ಹಿಂದಿನ ಗಾಯಕ ಡೆಜ್ ಕಡೀನಾ ಗಿಟಾರ್ ನುಡಿಸತೊಡಗಿದ್ದರಿಂದ, ಎರಡು ಗಿಟಾರ್‌ಗಳ ದಟ್ಟ ನಾದ ಈ ಆಲ್ಬಮಿಗೆ ದೊರೆಯಿತು.

ವಿತರಣೆಯ ವಿವಾದ

ಯೂನಿಕಾರ್ನ್ ರೆಕಾರ್ಡ್ಸ್‌ನೊಂದಿಗಿನ ಒಪ್ಪಂದದಂತೆ ಎಂಸಿಎ ಸಂಸ್ಥೆಯು ಆಲ್ಬಮನ್ನು ವಿತರಿಸಬೇಕಾಗಿತ್ತು. ಇದು ಹೆತ್ತವರ ವಿರೋಧಿ ಎಂದು ಆಕ್ಷೇಪಿಸಿದ ಎಂಸಿಎ ಅಧಿಕಾರಿ ವಿತರಣೆಗೆ ನಿರಾಕರಿಸಿದರು. ತಂಡವು ಆ ಆಕ್ಷೇಪವನ್ನೇ ಚೀಟಿಯಲ್ಲಿ ಅಚ್ಚು ಹಾಕಿಸಿ ಆಲ್ಬಮಿನ ಹೊದಿಕೆಗೆ ಅಂಟಿಸಿತು. ಬಳಿಕ ಯೂನಿಕಾರ್ನ್ ಹೂಡಿದ ಮೊಕದ್ದಮೆಯಲ್ಲಿ, ತಂಡವು ತನ್ನ ಹೆಸರಿನಲ್ಲಿ ಧ್ವನಿಮುದ್ರಿಕೆಗಳನ್ನು ಹೊರತರದಂತೆ ನ್ಯಾಯಾಲಯವು ತಡೆಯಾಜ್ಞೆ ನೀಡಿತು. 1983ರಲ್ಲಿ ಯೂನಿಕಾರ್ನ್ ದಿವಾಳಿಯಾದ ಮೇಲೆ ಈ ತೊಡಕು ನಿವಾರಣೆಯಾಯಿತು. ಎರಡನೆಯ ಸ್ಟುಡಿಯೋ ಆಲ್ಬಮ್ ಮೈ ವಾರ್ 1984ರಲ್ಲಿ ಹೊರಬಂದಿತು.