ಬ್ಯಾಟರಿ ಸತ್ತಿರಲಿಲ್ಲ, ಉಪವಾಸವಿತ್ತು

ದಸರಾ ರಜೆಗೆ ಮಗ, ಸೊಸೆ, ಮೊಮ್ಮಗ ಕಮತಗಿಗೆ ಬಂದಿದ್ದರು. ಅವರ ಸಣ್ಣ ಕಾರು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಾಲ್ಕು ದಿನ ನಿಂತೇ ಇತ್ತು. ಐದನೆಯ ದಿನ ನಮ್ಮ ಮನೆಯವರ ಕಣ್ಣು ತೋರಿಸಲು ಬಾಗಲಕೋಟೆಗೆ ಹೊರಟೆವು. ಮಗ ಕೀಲಿ ತಿರುಗಿಸಿದ. ‘ಟಿಕ್’ ಎಂದಿತು, ಅಷ್ಟೇ.

“ಅಜ್ಜಾ, ಬ್ಯಾಟರಿ ಸತ್ತೈತಂತ!” ಎಂದು ಮೊಮ್ಮಗ ಓಡಿ ಬಂದ.

“ಸತ್ತಿಲ್ಲೋ ತಮ್ಮಾ, ಉಪವಾಸ ಬಿದ್ದೈತಿ” ಎಂದೆ.

ಬಸ್ಸಿಗೆ ಹೋಗಿ ಬಂದೆವು. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಪಕ್ಕದ ಮನೆಯವರಿಂದ ಚಾರ್ಜರ್ ಮತ್ತು ವೋಲ್ಟೇಜ್ ಅಳೆಯುವ ಮೀಟರ್ ತಂದೆ. ಮೀಟರ್ 11.4 ತೋರಿಸಿತು. ಹೊಟ್ಟೆ ತುಂಬಿದ ಬ್ಯಾಟರಿ 12.6 ತೋರಿಸಬೇಕು, 12ಕ್ಕಿಂತ ಕೆಳಗಿಳಿದರೆ ಖಾಲಿ ಎಂದೇ ಲೆಕ್ಕ.

ಮಕ್ಕಳೇ, ಆ ಪೆಟ್ಟಿಗೆಯೊಳಗೆ ಆರು ಕೋಣೆಗಳಿವೆ. ಒಂದೊಂದರಲ್ಲೂ ಸೀಸದ ಹಲಗೆಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿ ನಿಂತಿರುತ್ತವೆ. ಒಂದು ಕೋಣೆಯಿಂದ ಎರಡು ವೋಲ್ಟಿಗಿಂತ ತುಸು ಹೆಚ್ಚು. ಆರೂ ಸೇರಿದರೆ ಹನ್ನೆರಡೂವರೆ. ನಾವು ವಿದ್ಯುತ್ ಬಳಸುತ್ತ ಹೋದಂತೆ ಆಮ್ಲದ ಗಂಧಕದ ಅಂಶ ಹಲಗೆಗಳಿಗೆ ಅಂಟಿಕೊಂಡು, ಉಳಿದ ದ್ರವ ನೀರಿನಂತೆ ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದರೆ ಅದು ಹಲಗೆ ಬಿಟ್ಟು ಮತ್ತೆ ದ್ರವಕ್ಕೆ ಮರಳುತ್ತದೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಇಂಥ ಬ್ಯಾಟರಿ ಮಾಡಿದ. ಕೀಲಿ ತಿರುಗಿಸಿದರೆ ಹೊರಡುವ ಹೆಚ್ಚಿನ ಕಾರುಗಳಲ್ಲಿ ಇಂದಿಗೂ ಇರುವುದು ಅದೇ ತತ್ವ. 2001ರಲ್ಲಿ ಬೆಂಗಳೂರಿನಲ್ಲಿ ಹೊರಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಓಡುತ್ತಿದ್ದುದೂ ಎಂಟು ಸೀಸದ ಬ್ಯಾಟರಿಗಳಿಂದಲೇ. ಅದನ್ನು ಮನೆಯ ಪ್ಲಗ್ಗಿಗೇ ಹಚ್ಚುತ್ತಿದ್ದರು.

ಆದರೆ ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಹಲಗೆಯ ಮೇಲಿನ ಪದರು ಗಟ್ಟಿಯಾಗಿ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಬಿಡುವುದಿಲ್ಲ. ಅದು ನಿಜವಾದ ಸಾವು. ಬ್ಯಾಂಕಿನಲ್ಲಿ ಬಹುದಿನ ಮುಟ್ಟದ ಖಾತೆಯನ್ನಾದರೂ ಅರ್ಜಿ ಕೊಟ್ಟು ಚಾಲೂ ಮಾಡಬಹುದು, ಇದನ್ನು ಆಗದು.

ನಾನು ಕೂಡಲೇ ಪಾನಾ ಹಿಡಿದು ಕೂಡಲಿಲ್ಲ. ಕಾರಣ ಹಳೆಯದು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ, ಕರೆಂಟು ಹೋದರೆ ಟ್ರ್ಯಾಕ್ಟರ್ ಬ್ಯಾಟರಿಗೆ ಟಿವಿ ಹಚ್ಚಿ ಓಣಿಯವರೆಲ್ಲ ನೋಡುತ್ತಿದ್ದೆವು. ಬ್ಯಾಟರಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ಚಾರ್ಜಿಂಗ್ ಅಂಗಡಿಗೆ ಒಯ್ಯುವುದು ನನ್ನ ಪಾಳಿ. ಆಮ್ಲದ ಹನಿ ಸಿಡಿದದ್ದು ಆಗ ಗೊತ್ತಾಗುತ್ತಿರಲಿಲ್ಲ. ಒಗೆದ ಮೇಲೆ ಧೋತರದ ತುಂಬ ತೂತು. ನೇಕಾರರ ಊರಿನಲ್ಲಿ ತೂತಿನ ಧೋತರ ಉಟ್ಟು ತಿರುಗಿದರೆ ಜನ ಸುಮ್ಮನೆ ಬಿಡುತ್ತಾರೆಯೇ! ಒಮ್ಮೆ ಆ ಅಂಗಡಿಯಲ್ಲಿ ಒಬ್ಬಾತ ಚಾರ್ಜಿಗಿಟ್ಟ ಬ್ಯಾಟರಿಗಳ ಬಳಿ ಬೀಡಿ ಹಚ್ಚಲು ಕಡ್ಡಿ ಗೀರಿದ. ‘ಢಂ’ ಎಂದು ಒಂದು ಬ್ಯಾಟರಿಯ ಮೇಲ್ಭಾಗವೇ ಹಾರಿತು. ಅವನ ಮುಖದ ಮೇಲೆ ಕೊಡಗಟ್ಟಲೆ ನೀರು ಸುರಿದೆವು. ಕಣ್ಣು ಉಳಿದವು. ಚಾರ್ಜ್ ಮುಗಿಯುವ ಹೊತ್ತಿಗೆ ಬ್ಯಾಟರಿಯಿಂದ ಜಲಜನಕದ ಗುಳ್ಳೆ ಏಳುತ್ತವೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಹಾಗಾಗಿ ಬ್ಯಾಟರಿಯನ್ನು ಮನೆಯೊಳಗೆ ತರಲಿಲ್ಲ, ಗಾಳಿಯಾಡುವ ಪಡಸಾಲೆಯ ಹೊರಗಿನ ಕಟ್ಟೆಯ ಮೇಲಿಟ್ಟೆವು. ಬಿಚ್ಚುವಾಗ ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್. ಏಕೆಂದರೆ ಕಾರಿನ ಮೈಯೆಲ್ಲ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಮರಳಿ ಕೂಡಿಸುವಾಗ ಪ್ಲಸ್ ಮೊದಲು. ಚಾರ್ಜರಿನ ಕೆಂಪು ಚಿಮಟಿಗೆ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಕಚ್ಚಿಸಿದ ಮೇಲೆಯೇ ಸ್ವಿಚ್ ಒತ್ತಬೇಕು. ತೆಗೆಯುವಾಗ ಮೊದಲು ಸ್ವಿಚ್ ಆರಿಸಬೇಕು. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ನೀರು ಹಲಗೆಗಳ ಮೇಲಿದೆಯೇ ನೋಡಿ. ಕಡಿಮೆಯಿದ್ದರೆ ಡಿಸ್ಟಿಲ್ಡ್ ನೀರು ಮಾತ್ರ, ಬೋರ್‌ವೆಲ್ ನೀರು ಬೇಡ. ಉಬ್ಬಿದ, ಬಿರುಕು ಬಿಟ್ಟ ಬ್ಯಾಟರಿಗೆ ಕೈ ಹಚ್ಚದೆ ಅಂಗಡಿಗೆ ಕೊಟ್ಟುಬಿಡಿ. ಮಕ್ಕಳು ಈ ಕೆಲಸವನ್ನು ತಾವಾಗಿ ಮಾಡಕೂಡದು. ಅಜ್ಜಂದಿರೂ ಕನ್ನಡಕ ಹಾಕದೆ ಮಾಡಕೂಡದು.

ನಮ್ಮದು 35 ಆಂಪಿಯರ್-ಗಂಟೆಯ ಬ್ಯಾಟರಿ. ಅದರ ಹತ್ತನೆಯ ಒಂದು ಪಾಲು, ಅಂದರೆ ಮೂರೂವರೆ ಆಂಪಿಯರಿನಂತೆ ನಿಧಾನವಾಗಿ ತುಂಬಿದರೆ ಹತ್ತು-ಹನ್ನೆರಡು ಗಂಟೆ. ಅವಸರದಲ್ಲಿ ತುರುಕಿದರೆ ಕಾದು ಕೆಡುತ್ತದೆ. ರಾತ್ರಿ ಹಚ್ಚಿಟ್ಟು ಮಲಗುವ ಧೈರ್ಯ ನನಗಿಲ್ಲ, ಅದಕ್ಕೇ ಬೆಳಿಗ್ಗೆಯೇ ಶುರುಮಾಡಿದೆ. ಮೊಮ್ಮಗ ಮಾರು ದೂರ ಕುಳಿತು, ನಾನು ಗಂಟೆಗೊಮ್ಮೆ ಕೂಗಿ ಹೇಳಿದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದ.

“ನಾಕ ದಿನದಾಗ ಇಷ್ಟು ಕರೆಂಟ್ ಯಾರು ತಿಂದ್ರು ಅಜ್ಜಾ?” ಎಂದು ಕೇಳಿದ. ಲೆಕ್ಕ ಹಾಕಿಸಿದೆ. ಕಾರಿನೊಳಗಿನ ಪುಟ್ಟ ದೀಪ 5 ವ್ಯಾಟಿನದು. 12 ವೋಲ್ಟಿಗೆ 0.4 ಆಂಪಿಯರ್ ಎಳೆಯುತ್ತದೆ. 35ನ್ನು 0.4ರಿಂದ ಭಾಗಿಸಿದರೆ 87 ಗಂಟೆ. ಮೂರೂವರೆ ದಿನಕ್ಕಿಂತ ತುಸು ಹೆಚ್ಚು. ಉತ್ತರ ಬರೆದವನು ಪೆನ್ಸಿಲ್ ಕೆಳಗಿಟ್ಟ.

“ಅಜ್ಜಾ, ಆ ಲೈಟ್ ನಾನ ಹಾಕಿದ್ದೆ. ಒಳಗ ಕುಂತು ಡ್ರೈವರ್ ಆಟ ಆಡಿದ್ದೆ. ಪಪ್ಪಾಗ ಹೇಳಬ್ಯಾಡ.”

ನಾನು ಹೇಳಲಿಲ್ಲ. ಆದರೆ ಬಾಗಿಲು ಹಾಕಿದ ಕಾರಿನಲ್ಲಿ ಒಬ್ಬನೇ ಕೂತರೆ ಬಿಸಿಲಿಗೆ ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ ಎಂದು ಗಟ್ಟಿಯಾಗಿಯೇ ಬೈದೆ. ದೀಪದ ಮಾತಿಗಿಂತ ಅದು ದೊಡ್ಡದಿತ್ತು.

ರಾತ್ರಿ ಎಂಟಕ್ಕೆ ಚಾರ್ಜರ್ ತೆಗೆದೆವು. ಬೆಳಿಗ್ಗೆ ಮೀಟರ್ 12.6 ತೋರಿಸಿತು. ಕೀಲಿ ತಿರುಗಿಸಿದೊಡನೆ ಗಾಡಿ ಚಾಲೂ ಆಯಿತು. ಊರಿಗೆ ಹೊರಡುವ ಹೊತ್ತಿಗೆ ಮೊಮ್ಮಗ ತಾನೇ ಅಪ್ಪನಿಗೆ ನೋಟ್‌ಬುಕ್ ತೋರಿಸಿದ. ಕೊನೆಯ ಸಾಲಿನಲ್ಲಿ ದೀಪದ ವಿಷಯವನ್ನೂ ಬರೆದಿದ್ದ.