ಎದೆನೋವು ಮತ್ತು ಟ್ರೋಪೋನಿನ್ ಪರೀಕ್ಷೆ

ಎದೆನೋವೆಂದು ಆಸ್ಪತ್ರೆಗೆ ಧಾವಿಸುವವರೆಲ್ಲರಿಗೂ ಹೃದಯಾಘಾತವಾಗಿರುವುದಿಲ್ಲ. ಆಮ್ಲಪಿತ್ತ, ಸ್ನಾಯುಸೆಳೆತ, ಶ್ವಾಸಕೋಶದ ತೊಂದರೆಗಳಿಂದಲೂ ಎದೆ ನೋಯಬಹುದು. ಆದರೆ ಹೃದಯಾಘಾತವನ್ನೇ ಅಜೀರ್ಣವೆಂದು ಬಗೆದು ರೋಗಿಯನ್ನು ಮನೆಗೆ ಕಳುಹಿಸಿದರೆ ಪ್ರಾಣಕ್ಕೇ ಅಪಾಯ. ಇವುಗಳ ಭೇದವನ್ನು ಅರಿಯಲು ವೈದ್ಯರಿಗೆ ನೆರವಾಗುವ ಸಾಧನಗಳಲ್ಲಿ ಟ್ರೋಪೋನಿನ್ ರಕ್ತಪರೀಕ್ಷೆ ಮುಖ್ಯವಾದುದು.

ಟ್ರೋಪೋನಿನ್ ಎಂದರೇನು?

ಇದು ಸ್ನಾಯುವಿನ ಸಂಕೋಚನವನ್ನು ನಿಯಂತ್ರಿಸುವ ಪ್ರೋಟೀನು. ಹೃದಯಕ್ಕೇ ವಿಶಿಷ್ಟವಾದ ಇದರ 'ಟಿ' ಮತ್ತು 'ಐ' ರೂಪಗಳಲ್ಲಿ ಒಂದನ್ನು ಪರೀಕ್ಷೆಯಲ್ಲಿ ಅಳೆಯಲಾಗುತ್ತದೆ. ಹೃದಯದ ರಕ್ತನಾಳ ಮುಚ್ಚಿಕೊಂಡು ಸ್ನಾಯುಕೋಶಗಳು ಹಾನಿಗೊಂಡಾಗ ಇದು ರಕ್ತಕ್ಕೆ ಸೇರುತ್ತದೆ. 2000ದಲ್ಲಿ ಯೂರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು ಹೃದಯಾಘಾತದ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಅದುವರೆಗೆ ರೂಢಿಯಲ್ಲಿದ್ದ ಸಿ.ಕೆ.-ಎಂ.ಬಿ. ಪರೀಕ್ಷೆಗಿಂತ ಇದಕ್ಕೆ ಪ್ರಾಶಸ್ತ್ಯ ದೊರೆಯಿತು.

ಎರಡನೆಯ ಬಾರಿ ರಕ್ತ ತೆಗೆಯುವುದೇಕೆ?

ಹಾನಿಯಾದ ಕ್ಷಣದಲ್ಲೇ ಟ್ರೋಪೋನಿನ್ ಪ್ರಮಾಣ ಏರುವುದಿಲ್ಲ. ಅದಕ್ಕೆ ಕೆಲವು ಗಂಟೆಗಳು ಬೇಕು. ಆದುದರಿಂದ ನೋವು ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ಬಂದವರ ಮೊದಲ ವರದಿ ಸಹಜವಾಗಿದ್ದರೂ ಅದನ್ನೇ ಅಂತಿಮವೆಂದು ನಂಬಲಾಗದು. ಅತಿಸೂಕ್ಷ್ಮ ಪರೀಕ್ಷೆಯ ಸೌಲಭ್ಯವಿರುವಲ್ಲಿ 1ರಿಂದ 3 ಗಂಟೆಗಳ ಅನಂತರ, ಹಳೆಯ ವಿಧಾನದಲ್ಲಿ 3ರಿಂದ 6 ಗಂಟೆಗಳ ಅನಂತರ ಮತ್ತೆ ರಕ್ತ ತೆಗೆಯುತ್ತಾರೆ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯಲ್ಲಿಯೂ ಈ ಪ್ರಮಾಣ ಹೆಚ್ಚಿರಬಹುದು. ಆದರೆ ಅದು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಹೃದಯಾಘಾತದಲ್ಲಿ ಏರಿಳಿತ ಕಾಣುತ್ತದೆ. ಎರಡು ವರದಿಗಳ ನಡುವಣ ವ್ಯತ್ಯಾಸಕ್ಕೆ ಮಹತ್ವವಿರುವುದು ಈ ಕಾರಣದಿಂದಲೇ.

ಅಪಾಯದ ಅಂದಾಜು

ವೈದ್ಯರು ಕೇವಲ ರಕ್ತದ ವರದಿಯನ್ನು ಅವಲಂಬಿಸುವುದಿಲ್ಲ. ರೋಗಿ ಬಂದ 10 ನಿಮಿಷಗಳೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ನಿಯಮ. ಅದರಲ್ಲಿ ರಕ್ತನಾಳ ಪೂರ್ಣವಾಗಿ ಮುಚ್ಚಿರುವ ಸ್ಪಷ್ಟ ಚಿಹ್ನೆಗಳಿದ್ದರೆ ರಕ್ತದ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಲಾಗುತ್ತದೆ. ಉಳಿದವರಲ್ಲಿ ನೋವಿನ ಸ್ವರೂಪ, ವಯಸ್ಸು, ಮಧುಮೇಹ, ರಕ್ತದೊತ್ತಡ, ಧೂಮಪಾನ ಇವೆಲ್ಲವನ್ನೂ ವರದಿಯೊಡನೆ ತೂಗಿ ನೋಡಿ, ಯಾರನ್ನು ದಾಖಲಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳುಹಿಸಬಹುದು ಎಂಬುದನ್ನು ನಿರ್ಧರಿಸುತ್ತಾರೆ.

ನೆನಪಿಡಬೇಕಾದ ಅಂಶಗಳು

● ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡುಬಂದರೆ ಕೂಡಲೇ 112ಕ್ಕೆ ಕರೆ ಮಾಡಿ.
● ಮಹಿಳೆಯರು, ವೃದ್ಧರು ಮತ್ತು ಮಧುಮೇಹಿಗಳಲ್ಲಿ ನೋವು ಅಷ್ಟಾಗಿ ಇಲ್ಲದೆಯೂ ಹೃದಯಾಘಾತವಾಗಬಹುದು.
● ನೋವು ಆರಂಭವಾದ ಸಮಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.
● ನೋವು ಶಮನವಾಯಿತೆಂದು ಎರಡನೆಯ ಪರೀಕ್ಷೆಗೆ ಮುನ್ನವೇ ಆಸ್ಪತ್ರೆಯಿಂದ ಹೊರಡಬೇಡಿ. ಆ ಕೆಲವು ಗಂಟೆಗಳ ತಾಳ್ಮೆ ಒಂದು ಜೀವವನ್ನು ಉಳಿಸಬಲ್ಲದು.